ಎತ್ತರದ ಹುಡುಗಿಗೆ ನಾನು ಕಲಿಸಿದ ನಡಿಗೆ

ಆ ಶನಿವಾರ ಗೋಕಾಕದಿಂದ ಮೂಡಲಗಿಗೆ ಬಸ್ಸಿನಲ್ಲಿ ನಿಂತೇ ಹೋದೆ. ಬೆಳಿಗ್ಗೆಯಿಂದ ಶಾಲೆಯಲ್ಲಿ ಕನ್ನಡ ಪಾಠ ಮಾಡಿ ಗಂಟಲು ಒಣಗಿತ್ತು, ಕಾಲು ಊದಿದ್ದವು. ಆದರೂ ಹೋಗಲೇಬೇಕಾಗಿತ್ತು. ಮರುದಿನ ನನ್ನ ತಂಗಿಯ ಮಗಳನ್ನು ನೋಡಲು ಹುಕ್ಕೇರಿಯಿಂದ ಗಂಡಿನವರು ಬರುವವರಿದ್ದರು. ಇದು ಏಳನೆಯ ಸಲ. ಹಿಂದಿನ ಆರೂ ಮನೆಯವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಊರು ಮುಟ್ಟಿದ ಮೇಲೆ "ಹುಡುಗಿ ಭಾಳ ಎತ್ತರ ಆತು" ಎಂದು ಹೇಳಿ ಕಳಿಸಿದ್ದರು. ನನಗಂತೂ ಸಾಕುಸಾಕಾಗಿ ಹೋಗಿತ್ತು.

ಹುಡುಗಿ ಬಿ.ಎ. ಮುಗಿಸಿ ಮನೆಯಲ್ಲೇ ಒಂದು ಕೆಲಸ ಹಿಡಿದಿದ್ದಳು. ಯಾವುದೋ ಮೊಬೈಲ್ ಚಾನೆಲ್‌ನವರು ಹಳೆಯ ಕಿರುಚಿತ್ರಗಳನ್ನು ಕಳಿಸುತ್ತಿದ್ದರು. ಅದಕ್ಕೆ ಕನ್ನಡದಲ್ಲಿ ವಿವರಣೆ ಬರೆದು ತನ್ನ ದನಿಯಲ್ಲಿ ಓದಿ ಕೊಡುತ್ತಿದ್ದಳು. ಅವಳ ಕನ್ನಡ ತಿದ್ದುವುದು ನನ್ನ ಪಾಲಿಗೆ ಬಂದಿತ್ತು. ನಾನು ಹೋಗಿ ಕೂತು ನೀರು ಕುಡಿಯುವುದರೊಳಗೆ ಮೊಬೈಲ್ ಹಿಡಿದು ಬಂದಳು.

"ದೊಡ್ಡವ್ವಾ, ಈ ಸಲದ್ದು ಚೆಲುವಿಯರ ಸ್ಪರ್ಧೆ ನೋಡಬೇ. ಎಲ್ಲಾ ದೇಶದ ಹುಡುಗ್ಯಾರು ಬಂದಾರ."

ಹತ್ತು ಹನ್ನೆರಡು ನಿಮಿಷದ ಕಪ್ಪು-ಬಿಳುಪು ಚಿತ್ರ. ವಿಮಾನದ ಮೆಟ್ಟಿಲಿಳಿದು ಬರುವ ಹುಡುಗಿಯರು, ಎದೆಯ ಮೇಲೆ ಅಡ್ಡಪಟ್ಟಿ, ಅದರ ಮೇಲೆ ದೇಶದ ಹೆಸರು. ಒಬ್ಬಳು ಸೊಂಟಕ್ಕೆ ಟೇಪು ಹಿಡಿದು ಅಳೆಯುತ್ತಾಳೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಹಿಂದೆ ಒಬ್ಬ ಗಂಡಸಿನ ಇಂಗ್ಲಿಷ್ ದನಿ, ದನದ ಸಂತೆಯಲ್ಲಿ ನಿಂತವನ ಹಾಗೆ ಎಲ್ಲವನ್ನೂ ನಗುನಗುತ್ತ ಹೇಳುತ್ತದೆ.

ರವೆ ಹುರಿಯುತ್ತಿದ್ದ ತಂಗಿ ಇಣುಕಿ ನೋಡಿ, "ಥೂ, ಹೆಣ್ಣಮಕ್ಕಳನ್ನ ಟೇಪ್ ಹಿಡದ ಅಳಿಯೂದ? ಇವರಿಗೆ ಹಡದವರು ಇಲ್ಲೇನು?" ಎಂದಳು.

"ಮೊದಲನೇ ಸಲ ಬಂದವರು ನನ್ನನ್ನ ಬಾಗಿಲ ಚೌಕಟ್ಟಿಗೆ ನಿಂದರಿಸಿ ನೋಡಿದ್ರಲ್ಲವ್ವಾ, ಆವಾಗ ನೀ ಎಲ್ಲಿದ್ದಿ?" ಎಂದು ಹುಡುಗಿ ಕೇಳಿದಳು. ತಂಗಿ ರವೆ ಸೀಯುತ್ತದೆಂದು ಒಳಗೆ ಹೋದಳು.

ಚಿತ್ರದಲ್ಲಿ ಆ ಹುಡುಗಿಯರಿಗೆ ನಡೆಯಲು ಕಲಿಸುವ ಹೆಂಗಸೊಬ್ಬಳಿದ್ದಳು. ಬೆನ್ನು ಬಾಗಿದರೆ ಅಂಕ ಹೋಗುತ್ತದಂತೆ. ಎತ್ತರದವರಿಗೂ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿಸಿ ಇನ್ನಷ್ಟು ಎತ್ತರ ಮಾಡುತ್ತಿದ್ದಳು. ಅದನ್ನು ನೋಡಿ ನನ್ನ ಮುಖ ಸಣ್ಣದಾಯಿತು. ಯಾಕೆಂದರೆ ಈ ಮನೆಯಲ್ಲಿ ನಡಿಗೆ ಕಲಿಸಿದವಳು ನಾನು. ಹತ್ತನೆಯ ತರಗತಿಯಲ್ಲೇ ಅಪ್ಪನನ್ನು ಮೀರಿ ಬೆಳೆದವಳಿಗೆ, ಸೀರೆಯೊಳಗೆ ಮೊಣಕಾಲು ತುಸು ಮಡಿಸು, ಹೆಗಲು ಇಳಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಿಕೊಟ್ಟಿದ್ದೆ. ಎಂಥ ಉಪಾಯ ಹುಡುಕಿದೆ ಎಂಬ ಜಂಭ ಬೇರೆ ನನಗೆ!

"ನಾ ಇವರ ದೇಶದಾಗ ಹುಟ್ಟಬೇಕಾಗಿತ್ತ ನೋಡು," ಎಂದು ನಕ್ಕು ಹುಡುಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, "ದೊಡ್ಡವ್ವಾ, ಹೆಗಲು ಗ್ವಾಡಿಗೆ ಮುಟ್ಟವಲ್ದು," ಎಂದಳು.

"ದಣದೀ, ಕುಂದರು," ಎಂದೆ. ನನಗೂ ಆಗ ಅಷ್ಟೇ ಅನ್ನಿಸಿತು.

ಭಾನುವಾರ ಹತ್ತು ಗಂಟೆಗೆ ಹುಕ್ಕೇರಿಯವರು ಬಂದರು. ಹುಡುಗ, ಅವನ ತಂದೆ ತಾಯಿ, ಸಂಬಂಧ ತಂದಿದ್ದ ಮುದುಕ. ಮಂದಿ ಒಳ್ಳೆಯವರಂತೆ ಕಂಡರು. ಚಿತ್ರಗಳಿಗೆ ದನಿ ಕೊಡುತ್ತೇನೆಂದು ಹುಡುಗಿ ತಾನೇ ಹೇಳಿದಾಗ ಹುಡುಗ, "ಮದುವಿ ಆದ ಮ್ಯಾಲೂ ಮಾಡಬಹುದಲ್ರಿ," ಎಂದ. ಇವಳ ಮುಖ ಅರಳಿತು. ಏಳು ಸಲದಲ್ಲಿ ಅವಳು ಒಬ್ಬರನ್ನು ತಾನಾಗಿ ತಲೆಯೆತ್ತಿ ನೋಡಿದ್ದು ಅದೇ ಮೊದಲು. ದೇವರೇ, ಇದೊಂದು ಕೂಡಿಬರಲಪ್ಪಾ ಎಂದು ಒಳಗೊಳಗೇ ಕೈಮುಗಿದೆ.

ಕುಂಕುಮ ಹಚ್ಚಿ ಉಡಿ ತುಂಬುವಾಗ ಹುಡುಗನ ತಾಯಿ ಅರ್ಧಕ್ಕೇ ಕೈ ನಿಲ್ಲಿಸಿ, "ನೆಟ್ಟಗ ನಿಂದರ ಯವ್ವಾ," ಎಂದರು.

ಎತ್ತರ ನೋಡಲಿಕ್ಕೇ ಹೇಳಿದರು ಎಂದುಕೊಂಡೆ. ಆರು ಸಲದ ರೂಢಿಯಲ್ಲವೆ! ಅಡುಗೆಮನೆ ಬಾಗಿಲಲ್ಲಿ ನಿಂತು, ಬಗ್ಗು, ಬಗ್ಗು ಎಂದು ಅಂಗೈ ಕೆಳಗೆ ಮಾಡಿ ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು, ಹೆಗಲು ಇನ್ನಷ್ಟು ಇಳಿಸಿದಳು. "ನೆಟ್ಟಗ ನಿಂತೇನ್ರಿ," ಎಂದಳು. ಆ ತಾಯಿ ಗಂಡನ ಮುಖ ನೋಡಿದರು. ಉಡಿ ತುಂಬಿ ಎದ್ದರು.

ಸೋಮವಾರ ರಜೆ ಹಾಕಿ ಅಲ್ಲೇ ಉಳಿದಿದ್ದೆ. ಮಧ್ಯಾಹ್ನ ಮುದುಕನ ಫೋನು ಬಂತು.

"ಅಕ್ಕೋರ, ಎತ್ತರದ್ದೇನೂ ತಕರಾರ ಇಲ್ರಿ ಅವರದು. ಹುಡುಗಗ ಭಾಳ ಮನಸ್ಸ ಇತ್ತು. ಆದ್ರ ಹುಡುಗಿ ಬೆನ್ನ ಗೂನ ಐತಿ, ನಿಂದರ ಅಂದ್ರೂ ನೆಟ್ಟಗ ನಿಂದರಾಕ ಆಗಲಿಲ್ಲ ಅಂದ್ರು. ಹುಟ್ಟಾ ಹಂಗ ಐತೇನ್ರಿ?"

ಇಲ್ಲ, ನಾನು ಬಗ್ಗಿಸಿದ್ದು ಎನ್ನಬೇಕಾಗಿತ್ತು. "ಇರಲಿ ಬಿಡ್ರಿ," ಎಂದು ಫೋನು ಇಟ್ಟೆ.

ಹುಡುಗಿ ಹಿಂದೆಯೇ ನಿಂತಿದ್ದಳು. "ಏನಂದ್ರು?"

ನನಗೆ ಸಾಕಾಗಿತ್ತು, ಹೆದರಿಕೆಯೂ ಆಗಿತ್ತು. ಹಿಂದಿನ ಆರು ಸಲ ಕೇಳಿದ ಮಾತನ್ನೇ ಹೇಳಿದೆ: "ಎತ್ತರ ಆತಂತವ್ವಾ."

ಅವಳು ಅಳಲಿಲ್ಲ. ನನ್ನ ಬಾಜೂಕ ಬಂದು ಕೂತು, "ಮುಂದಿನ ಸಲ ಇನ್ನೊಂಚೂರು ಬಗ್ಗತೇನಿ ತಗೋ ದೊಡ್ಡವ್ವಾ," ಎಂದಳು.

ನಾನು ಹೂಂ ಅಂದೆ.