ಎಡಗವಲಿಗೆ ಹೋಗಬೇಡಿ

ಡೆಲ್ಫಿಯಕ್ಕನ ಅಂಗಡಿಯ ಮುಂದಿನ ಕಪ್ಪು ಹಲಗೆ ಸುಳ್ಳು ಹೇಳುತ್ತದೆ ಎನ್ನುವುದು ಆ ಕಣಿವೆಯ ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ಹೊರಗಿನವರು ಮಾತ್ರ. ಷಾರ್ಲಟ್ಟಿನಿಂದಲೋ ಅಟ್ಲಾಂಟಾದಿಂದಲೋ ದುಬಾರಿ ಗಾಳದ ಕೋಲು ಹೇರಿಕೊಂಡು ಕ್ಯಾರೊಲೈನಾ ಬೆಟ್ಟ ಹತ್ತಿ ಬರುವ ಆ ಮಹಾಶಯರು ಹಲಗೆಯ ಮುಂದೆ ಕಾರು ನಿಲ್ಲಿಸಿ ತೊರೆಯ ಎರಡು ಕವಲುಗಳ ಸುದ್ದಿಯನ್ನು ಭಕ್ತಿಯಿಂದ ಓದಿಕೊಳ್ಳುತ್ತಿದ್ದರು. ‘ಬಲಗವಲು: ನೀರು ತಿಳಿ, ಟ್ರೌಟ್ ಮೀನು ಚುರುಕು. ಎಡಗವಲು: ಮಂಜುಗಡ್ಡೆ, ಹೋಗಬೇಡಿ.’ ಓದಿದವರು ಬಲಗಡೆಗೆ ಹೋಗಿ, ಸರ್ಕಾರದವರು ತೊಟ್ಟಿಯಲ್ಲಿ ಸಾಕಿ ತಂದು ಬಿಟ್ಟ ಮೀನು ಹಿಡಿದು, ಫೋಟೊ ತೆಗೆಸಿಕೊಂಡು, ಜಗತ್ತು ಗೆದ್ದವರಂತೆ ಮನೆಗೆ ಹೋಗುವರು. ಕಣಿವೆಯವರು ಎಡಗಡೆಗೆ ಹೋಗುವರು. ಅಲ್ಲಿತ್ತು ಅವರ ಚುಕ್ಕೆ ಮೀನು, ಯಾರೂ ತಂದು ಬಿಡದೆ ತಾನಾಗಿ ಹುಟ್ಟಿ ಬೆಳೆದದ್ದು.

ಹಲಗೆ ನಿಲ್ಲಿಸಿದವನು ಡೆಲ್ಫಿಯಾಳ ಅಪ್ಪ. “ಹೊರಗಿನೋರಿಗೆ ಕಾಫಿ ಕೊಡು, ಎರೆಹುಳ ಕೊಡು, ಮಳೆ ಬಂದ್ರೆ ಮಲಗೋಕೆ ಜಾಗಾನೂ ಕೊಡು. ನೀರಿನ ಸುದ್ದಿ ಮಾತ್ರ ಕೊಡಬೇಡ ಮಗಾ,” ಎಂದು ಹೇಳಿ, ಸೀಮೆಸುಣ್ಣ ಅವಳ ಕೈಗಿತ್ತು ಹಾಸಿಗೆ ಹಿಡಿದಿದ್ದ. ಅವಳು ಅಂಗಡಿ ನೋಡಿಕೊಂಡಳು, ಅಪ್ಪನನ್ನು ನೋಡಿಕೊಂಡಳು, ತಾಯಿಯಿಲ್ಲದ ತಮ್ಮ ಆರ್ವಿಲ್‌ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಈ ಗಲಾಟೆಯಲ್ಲಿ ಅವಳ ಮದುವೆ ಎನ್ನುವುದು ಯಾರ ನೆನಪಿಗೂ ಬರಲಿಲ್ಲ. ಅವಳಿಗೂ ತಡವಾಗಿ ನೆನಪಾಯಿತು. ತಮ್ಮ ಮದುವೆಯಾಗಿ ಮೇಲಿನ ತಿರುವಿನಲ್ಲಿ ಮನೆ ಕಟ್ಟಿಕೊಂಡ ಮೇಲೆಯೂ ಅವನಿಗೆ ಇಷ್ಟದ ಒಣ ಸೇಬಿನ ಕರಿಗಡುಬು ಕರಿಯುವುದನ್ನು ಅವಳು ಬಿಡಲಿಲ್ಲ.

ಕಳೆದ ಎಲೆ ಉದುರುವ ಕಾಲದಲ್ಲಿ ಅವಳು ಒಂದೇ ಒಂದು ಸಲ ನಿಜ ಹೇಳಿದಳು. ಮೂಗಿಗೆ ನಳಿಕೆ ಹಾಕಿಕೊಂಡಿದ್ದ ಮುದುಕನೊಬ್ಬ ಮಗಳ ತೋಳು ಹಿಡಿದು ಬಂದು, “ಸಾಯೋಕ್ ಮುಂಚೆ ಒಂದು ಚುಕ್ಕೆ ಮೀನು ನೋಡ್ಬೇಕಿತ್ತು ತಾಯಿ,” ಎಂದ. ಅವಳು ಎಡಗವಲಿನ ದಾರಿ ತೋರಿಸಿದಳು. ಮುದುಕ ಒಂದು ಹಿಡಿದ, ನೋಡಿದ, ಮತ್ತೆ ನೀರಿಗೇ ಬಿಟ್ಟು ಅತ್ತ. ಅಲ್ಲಿಗೆ ಮುಗಿದಿದ್ದರೆ ಪುಣ್ಯ. ಅವನ ಅಳಿಯನೆಂಬ ಪ್ರಾಣಿ ಆ ಜಾಗವನ್ನು ಊರಿಗೆಲ್ಲ ಸಾರಿಬಿಟ್ಟ. ಮುಂದಿನ ಭಾನುವಾರ ಎಡಗವಲಿನುದ್ದಕ್ಕೂ ಕಾರುಗಳು ನಿಂತವು, ಮೀನು ಮೊಟ್ಟೆಯಿಟ್ಟ ಜಲ್ಲಿಯ ಮೇಲೆಲ್ಲ ಬೂಟುಗಳು ಓಡಾಡಿದವು.

ಆರ್ವಿಲ್ ಅಂಗಡಿಗೆ ಬಂದವನು ಕೂರಲಿಲ್ಲ.

“ಅಮ್ಮನ್ನ ಹೂತಿರೋ ಜಾಗಾನೂ ತೋರಿಸ್ಬಿಡಕ್ಕ. ಅದನ್ನೂ ಅಗೆದು ಹೋಗ್ಲಿ.”

“ಸಾಯೋ ಮನುಷ್ಯ ಕಣೋ ಆರ್ವಿಲ್.”

“ಸಾಯೋರು ಎಲ್ಲಾ ಕಡೆ ಸಿಗ್ತಾರೆ. ಆ ಮೀನು ಇನ್ನೆಲ್ಲೂ ಸಿಗಲ್ಲ. ನೀನು ಇನ್ಮೇಲೆ ನಮ್ಮೋಳಲ್ಲ ಬಿಡು.”

ಅಂದಿನಿಂದ ಅವಳು ಹಲಗೆ ಒರೆಸಿ ಖಾಲಿ ಬಿಟ್ಟಳು. ಸುಳ್ಳು ಬರೆಯಲು ಮನಸ್ಸಿಲ್ಲ, ನಿಜ ಬರೆಯಲು ಧೈರ್ಯವಿಲ್ಲ. ಆ ಕಣಿವೆಯಲ್ಲಿ ಗಾಡಿ ಓಡಿಸುವವನು ಎದುರು ಸಿಕ್ಕವರಿಗೆ ನಮಸ್ಕಾರದ ಬದಲು ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾನೆ. ಕೋರ್ಟಿನಲ್ಲಿ ಜಮೀನಿಗೆ ಕಚ್ಚಾಡುವವರೂ ಎತ್ತುತ್ತಾರೆ. ಆರ್ವಿಲ್ ಮಾತ್ರ ಹೆತ್ತ ತಾಯಿಯಂತೆ ಸಾಕಿದ ಅಕ್ಕನಿಗೆ ಆ ಒಂದು ಬೆರಳನ್ನೂ ಎತ್ತದೆ ದಿನಾ ಅಂಗಡಿಯ ಮುಂದೆ ಹಾದುಹೋದ. ಎಂಥ ಕಲ್ಲು ಮನಸ್ಸು! ಅವಳೋ, ಆ ಟ್ರಕ್ಕಿನ ಸದ್ದು ಕೇಳಿದರೆ ಸಾಕು, ಏನೋ ಕೆಲಸದ ನೆಪ ಮಾಡಿಕೊಂಡು ಜಗುಲಿಗೆ ಬಂದು ನಿಲ್ಲುವಳು. ಅವಳಿಗೆ ಬೇರೇನೂ ಬೇಕಿರಲಿಲ್ಲ, ಆ ಬೆರಳು ಏಳಬೇಕಿತ್ತು.

ಜನವರಿಯಲ್ಲಿ ಹಲ್ಲು ಕಟಕಟಿಸುವ ಚಳಿ ಬಂತು. ಮಂಜಿನ ಭಾರಕ್ಕೆ ಟೆಲಿಫೋನ್ ತಂತಿ ಹರಿದು ಬಿತ್ತು. ಮೊಬೈಲು ಆ ಕಣಿವೆಯಲ್ಲಿ ಮೊದಲೇ ಸತ್ತ ಸಾಮಾನು. ಚಳಿ ಮುರಿದು ಬಿಸಿಲು ಕಾಣಿಸಿಕೊಂಡ ಬೆಳಿಗ್ಗೆ, ಕೋಳಿಗಳಿಗೆ ಕಾಳು ಹಾಕಲು ಹಿತ್ತಲಿಗೆ ಹೋದ ಡೆಲ್ಫಿಯಾ ತೊರೆ ನೋಡಿ ಬೆಚ್ಚಿದಳು. ಎಂದೂ ಕಾಣದ ಕಲ್ಲುಗಳು ಮೈ ತೋರಿಸಿದ್ದವು. ಎರಡು ಕವಲು ಸೇರುವ ಜಾಗಕ್ಕೆ ಹೋಗಿ ನೋಡಿದಳು. ಬಲಗವಲು ಎಂದಿನಂತೆ ಹರಿಯುತ್ತಿತ್ತು. ಎಡಗವಲು ಬರೀ ಜಿನುಗುತ್ತಿತ್ತು. ಅಪ್ಪ ಹೇಳಿದ್ದ: ಕಡುಚಳಿಯಲ್ಲಿ ತೊರೆಯ ತಳದ ಕಲ್ಲಿಗೇ ಮಂಜುಗಡ್ಡೆ ಹಿಡಿಯುತ್ತದೆ, ಎದ್ದು ಬಂದು ಇಕ್ಕಟ್ಟಿನಲ್ಲಿ ಕಟ್ಟೆಯಾಗುತ್ತದೆ, ಬಿಸಿಲು ತಾಗಿದ ಮೇಲೆ ಹಿಂದೆ ನಿಂತ ನೀರನ್ನೆಲ್ಲ ಹೊತ್ತು ಒಟ್ಟಿಗೇ ಇಳಿಯುತ್ತದೆ. ಅಪ್ಪನೂ ಅದನ್ನು ಒಮ್ಮೆ ಮಾತ್ರ ಕಂಡಿದ್ದ.

ಅವಳು ಸೀಮೆಸುಣ್ಣ ಹುಡುಕಿ ದೊಡ್ಡಕ್ಷರದಲ್ಲಿ ಬರೆದಳು: ‘ಎಡಗವಲು: ಮಂಜುಗಡ್ಡೆ. ಹೋಗಬೇಡಿ.’ ಮೈಯೆಲ್ಲ ಬೆಚ್ಚಗೆ ಹೊದ್ದ ಇಬ್ಬರು ಪೇಟೆ ಹುಡುಗರು ಆಗಲೇ ಕಾರಿಳಿದರು.

“ನಿಜವಾಗ್ಲೂ ಅಷ್ಟು ಕೆಟ್ಟಿದೆಯಾ ಅಮ್ಮ?”

“ನಿಜ ಕಣ್ರಪ್ಪ. ಈ ಸಲ ನಿಜ.”

ಅವರು ತಲೆಯಾಡಿಸಿ ಬಲಗಡೆಗೆ ಹೋದರು. ಹಿಂದೆಯೇ ಆರ್ವಿಲ್‌ನ ಟ್ರಕ್ಕು ಬಂತು. ಪೇಟೆಯಿಂದ ದನಗಳಿಗೆ ಹುಲ್ಲು ಹೇರಿಕೊಂಡು ಮನೆ ಕಡೆ ಹೊರಟಿದ್ದ. ಅವಳು ನಿಲ್ಲಿಸೆಂದು ಕೈ ಎತ್ತಿದಳು. ಟ್ರಕ್ಕು ನಿಧಾನವಾಯಿತು. ಅವನು ಹಲಗೆ ಓದಿದ, ಅಕ್ಕನ ಮುಖ ನೋಡಿದ, ತುಟಿಯಂಚಿನಲ್ಲಿ ನಕ್ಕ. ಸ್ಟೀರಿಂಗ್ ಮೇಲಿನ ಬೆರಳು ಎದ್ದಿತು.

ನಿಲ್ಲಿಸೆಂದು ಎತ್ತಿದ ಕೈ ತಾನಾಗಿ ಅತ್ತಿತ್ತ ಬೀಸಿತು. ಟ್ರಕ್ಕು ತಿರುವಿನಲ್ಲಿ ಮರೆಯಾಯಿತು. ಕೂಗಬಹುದಿತ್ತಲ್ಲ, ಪುಣ್ಯಾತ್ಗಿತ್ತಿ! ಕೂಗಲಿಲ್ಲ. ಹುಲ್ಲು ಹೇರಿಕೊಂಡು ಮನೆಗೆ ಹೊರಟವನು, ಹಲಗೆಯನ್ನೂ ಓದಿದ್ದಾನೆ, ಇನ್ನೇನು ಎಂದುಕೊಂಡಳು. ಒಳಗೆ ಹೋಗಿ ಹಿಟ್ಟು ನಾದಿ, ಸೇಬಿನ ಹೂರಣ ತುಂಬಿ, ಎಷ್ಟೋ ದಿನದ ಮೇಲೆ ಹಾಡು ಗುನುಗುತ್ತ ಕರಿಗಡುಬು ಕರಿದಳು. ಸಂಜೆ ತಾನೇ ತೆಗೆದುಕೊಂಡು ಹೋಗಿ ಕೊಡುವುದೆಂದು ತೀರ್ಮಾನಿಸಿದಳು.

ಬಿಸಿಲು ಬಲಿತ ಹೊತ್ತಿಗೆ ಪೇಟೆ ಹುಡುಗರು ಕಾಫಿಗೆ ಬಂದರು.

“ನಿಮ್ಮೂರಿನೋರು ತಮಾಷೆಯಾಗಿದಾರಮ್ಮ,” ಎಂದ ಒಬ್ಬ. “ಕವಲಿನ ಹತ್ರ ಒಬ್ರು ಸಿಕ್ಕಿದ್ರು. ‘ಹಲಗೆ ಓದಿದ್ರಲ್ಲ? ಜಾಣರು. ಬಲಗಡೇನೇ ಇರಿ’ ಅಂತ ಜೋರಾಗಿ ನಕ್ಕು, ತಾವು ಮಾತ್ರ ಗಾಳ ಹಿಡ್ಕೊಂಡು ಎಡಗಡೆ ಹೋದ್ರು.”

ಕೈಲಿದ್ದ ಜಾಲರಿ ಸೌಟು ಎಣ್ಣೆಗೆ ಬಿತ್ತು. ಆ ಬೆರಳು ಎದ್ದದ್ದು ಏಕೆಂದು ಅವಳಿಗೆ ಆಗ ಹೊಳೆಯಿತು. ಏಪ್ರನ್ನಿನಲ್ಲೇ ರಸ್ತೆಗಿಳಿದು ಓಡಿದಳು, ಮಂಡಿನೋವಿನ ಮುದುಕಿ, ತಮ್ಮನ ಹೆಸರು ಕೂಗುತ್ತ ಓಡಿದಳು. ತಿರುವು ದಾಟುವ ಮೊದಲೇ ಮೇಲಿನಿಂದ ಕಲ್ಲುಗಾಡಿ ಉರುಳಿದಂಥ ಸದ್ದು ಬಂತು. ಆಮೇಲೆ ತೊರೆ ತುಂಬಿ ಬಂತು, ಮಂಜುಗಡ್ಡೆ, ಮರದ ದಿಮ್ಮಿ, ಕೆಸರು.

ಸಂಜೆ ಕಣಿವೆಯ ಗಂಡಸರು ಅವನನ್ನು ದಿಮ್ಮಿಗಳ ನಡುವಿನಿಂದ ಬಿಡಿಸಿ ತಂದರು. “ನೀರು ಇಳಿದು ಮೀನೆಲ್ಲ ಮಡುವಿಗೆ ಸೇರಿರ್ತವೆ ಅಂದ್ಕೊಂಡಿರ್ತಾನೆ,” ಎಂದ ಅವರಲ್ಲೊಬ್ಬ ಹಿರಿಯ. “ಆ ಹಲಗೆ ಓದಿದ್ರೆ ನಾನೂ ಹೋಗ್ತಿದ್ದೆ ಡೆಲ್ಫಿಯಾ.” ಸಮಾಧಾನಕ್ಕೆಂದೇ ಹೇಳಿದ, ಪಾಪ. ಪೇಟೆ ಹುಡುಗರು ಹೊರಡುವಾಗ ಅವಳ ಎರಡೂ ಕೈ ಹಿಡಿದುಕೊಂಡು, “ನೀವು ಬರೀದೇ ಇದ್ದಿದ್ರೆ ನಾವು ಉಳೀತಿರ್ಲಿಲ್ಲಮ್ಮ,” ಎಂದು ಅತ್ತರು. ಅವಳು ಕೈ ಬಿಡಿಸಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಆರ್ವಿಲ್‌ನ ಹೆಂಡತಿ ಜೆಟ್ಟಿ ಅಡುಗೆಮನೆಯಲ್ಲಿ ಅವಳ ಪಕ್ಕ ಬಂದು ಕೂತಳು.

“ಒಂದು ಮಾತು ನಿಮಗೆ ಹೇಳ್ಲೇಬೇಕು ಅತ್ತಿಗೆ. ಆವತ್ತು ಅವರು ಹುಲ್ಲು ಕೂಡ ಇಳಿಸ್ಲಿಲ್ಲ. ಕುಣೀತಾ ಒಳಗೆ ಬಂದ್ರು. ‘ಜೆಟ್ಟೀ, ಅಕ್ಕ ಮತ್ತೆ ಹಲಗೆ ಬರ್ದಿದಾಳೆ ಕಣೇ, ಮತ್ತೆ ನಮ್ಮೋಳಾದ್ಲು’ ಅಂದ್ರು. ‘ಒಂದು ನಾಕು ಚುಕ್ಕೆ ಮೀನು ಹಿಡ್ಕೊಂಡು ಹೋಗಿ ಅವಳ ಕೈಗೆ ಕೊಟ್ಟು, ತಪ್ಪಾಯ್ತು ಅಂತೀನಿ’ ಅಂತ ಗಾಳ ತಗೊಂಡು ಹೋದ್ರು.”

ಕರಿಗಡುಬಿನ ತಟ್ಟೆ ಇನ್ನೂ ಒಲೆಯ ಪಕ್ಕದಲ್ಲೇ ಇತ್ತು.