ಚರಂಡಿಯ ಮೇಲಿನ ಕಲ್ಲು

ಮೊನ್ನೆ ಪೂಜೆಗೆ ಕುಳಿತಾಗ ನೀರಲ್ಲಿ ಕಲಸಿದ ವಿಭೂತಿಯ ವಾಸನೆ ಮೂಗಿಗೆ ಬಡಿಯಿತು. ಒಮ್ಮೆಲೇ ಕಾಕಿ ನೆನಪಾದರು... ನಮ್ಮ ಪಕ್ಕದ ಮನೆಯವರು. ಒಬ್ಬನೇ ಮಗ ಗಡಿಯ ಯುದ್ಧದಲ್ಲಿ ತೀರಿಹೋದ ಮೇಲೆ ಊರೆಲ್ಲ ಅವರನ್ನು ಮಿಲ್ಟ್ರಿ ಕಾಕಿ ಎಂದೇ ಕರೆಯುತ್ತಿತ್ತು.

ಜೇವರ್ಗಿ ದಾರಿಯ ನಮ್ಮೂರಿನ ಕ್ರಾಸಿನಲ್ಲಿ ಅಂಗಡಿ ಇಟ್ಟಿದ್ದ ನಾವೆಲ್ಲ ಸೇರಿ ಒಂದು ಶಹಾಬಾದಿ ಕಲ್ಲು ನಿಲ್ಲಿಸಿದ್ದೆವು. ಯುದ್ಧದಲ್ಲಿ ಸತ್ತ ಸುತ್ತಲಿನ ನಾಲ್ವರು ಹುಡುಗರ ಹೆಸರನ್ನು ಅದರ ಮೇಲೆ ಕೆತ್ತಿಸಿದ್ದೆವು. ನಿಲ್ಲಿಸುವಾಗ ಒಂದು ಮೂಲೆ ಮುರಿದಿತ್ತು. ಕಾಕಿಗೆ ಓದು ಬರುತ್ತಿರಲಿಲ್ಲ. ಮಗನ ಹೆಸರು ಯಾವುದೆಂದು ನನ್ನನ್ನು ಕೇಳಿ ತಿಳಿದುಕೊಂಡರು. ಆಮೇಲೆ ಪ್ರತಿ ಸೋಮವಾರ ಕೊಡ ನೀರು ಒಯ್ದು ಕಲ್ಲು ತೊಳೆದು, ನಾಲ್ಕೂ ಹೆಸರಿಗೆ ವಿಭೂತಿ ಹಚ್ಚಿ ಬರುತ್ತಿದ್ದರು.

ರಸ್ತೆ ಅಗಲ ಮಾಡಲು ಜೆಸಿಬಿ ಬಂದಾಗ ಕಾಕಿ ಆಳಂದದಲ್ಲಿ ತಂಗಿಯ ಮನೆಯಲ್ಲಿದ್ದರು. ಕಲ್ಲು ಕಿತ್ತು ಬದಿಗೆ ಒಗೆಯುವುದನ್ನು ನಾವು ನಿಂತು ನೋಡಿದೆವು. ನಮ್ಮ ನಮ್ಮ ಅಂಗಡಿ ಎಷ್ಟು ಹೋಗುತ್ತದೆ ಎನ್ನುವುದೇ ನಮಗೆ ಚಿಂತೆ. ಕಲ್ಲು ಎಲ್ಲಿಡುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ.

ಕಾಕಿ ತಿರುಗಿ ಬಂದು ಕಂಡಕಂಡವರನ್ನೆಲ್ಲ ವಿಚಾರಿಸಿದರು.

“ಎಲ್ಲ್ಯರ ಜೋಪಾನ ಇಟ್ಟಿರ್ತಾರ ಬಿಡ್ರಿ ಕಾಕಿ,” ಎಂದು ನಾನೂ ಹೇಳಿಬಿಟ್ಟೆ.

ಕೆಲವು ತಿಂಗಳ ಮೇಲೆ, ಒಂದು ಸಂತೆಯ ದಿನ, ನಾವು ಚಹಾದಂಗಡಿಯಲ್ಲಿ ಕುಳಿತಿದ್ದೆವು. ಅಂಗಡಿಗೆ ಬರಲು ಚರಂಡಿಗೆ ಅಡ್ಡ ಒಂದು ಫರಸಿಕಲ್ಲು ಹಾಸಿತ್ತು. ಕಾಕಿ ಅದರ ಮೇಲೆ ಕಾಲಿಡಲು ಹೋದವರು ನಿಂತುಬಿಟ್ಟರು. ಮುರಿದ ಮೂಲೆಯನ್ನೇ ನೋಡಿದರು. ಸೀರೆ ಎತ್ತಿ ಕಟ್ಟಿ, ಚರಂಡಿಯ ದಂಡೆಯಲ್ಲಿ ಕುಳಿತು, ಕಲ್ಲಿನ ಅಡಿಗೆ ಕೈ ಹಾಕಿ ತಡವತೊಡಗಿದರು.

“ಕಾಕಿ, ಏನರ ಬಿತ್ತೇನ್ರಿ?” ಎಂದೆ.

“ಇಲ್ಲಪಾ. ನನ್ನ ಮಗ ಇಲ್ಲೇ ಅದಾನ.”

ನಾವು ಕಲ್ಲು ಎತ್ತಿ ಮಗುಚಿದೆವು. ಕರಿ ರಾಡಿಯೊಳಗೆ ಅಕ್ಷರಗಳಿದ್ದವು... ಅಷ್ಟು ತಿಂಗಳು ದಿನವೂ ಅದನ್ನೇ ತುಳಿದು ನಾವು ಚಹಾ ಕುಡಿಯಲು ಬಂದಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಬದೀಗೆ ಬಿದ್ದಿತ್ರಿ ಕಾಕಿ, ನಂಗ ಗೊತ್ತಾಗಲಿಲ್ರಿ,” ಎಂದು ಚಹಾದವನು ಅಳತೊಡಗಿದ.

ಕಾಕಿ ಸೆರಗಿನಿಂದ ರಾಡಿ ಒರೆಸುತ್ತಲೇ ಅಂದರು: “ಅಳಬ್ಯಾಡೋ. ಯಾರೂ ಬೇಕಂತ ತುಳಿದಿಲ್ಲ. ಮನಿತನಕ ಹೊತ್ತು ಕೊಡ್ರಿ, ಅಷ್ಟ ಸಾಕು.”

ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ.

ಕಲ್ಲು ಅವರ ಅಂಗಳದಲ್ಲೇ ಉಳಿಯಿತು. ಹೊಸ ಸ್ಮಾರಕ ಕಟ್ಟುತ್ತೇವೆ ಎಂದು ನಾವು ಅನ್ನುತ್ತಲೇ ಇದ್ದೆವು. “ನಾ ಇರೋದ್ರಾಗ ಮಾಡ್ರಿ ತಮ್ಮಾ,” ಎನ್ನುತ್ತಿದ್ದರು. ನಾವು ಮಾಡಲಿಲ್ಲ. ಅವರು ಹೋದರು.

ಈ ವರ್ಷ ಸ್ಮಾರಕವಾಯಿತು. ಕರಿ ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ. ಉದ್ಘಾಟನೆಯ ದಿನ ಹೊರಗಿನಿಂದ ಬಂದ ನಿರೂಪಕ ಮೈಕಿನಲ್ಲಿ ಕಾಕಿಯ ಹೆಸರು ಕೂಗಿ, “ವೀರಮಾತೆಯವರು ವೇದಿಕೆಗೆ ಬರಬೇಕು” ಎಂದ. ಜನ ಚಪ್ಪಾಳೆ ತಟ್ಟಿದರು. ಮತ್ತೆ ಕೂಗಿದ. ಚಪ್ಪಾಳೆ ನಿಂತಿತು. ಕೊನೆಗೆ ನಾನೇ ಎದ್ದೆ.

“ಅವ್ರು ಇಲ್ರಿ... ತೀರ್ಕೊಂಡಾರ.”

“ನೀವು ಅವರ ಕಡೆಯವರೇನ್ರಿ?”

“ಪಕ್ಕದ ಮನಿಯಂವ್ರಿ.”

“ಹಂಗಾದ್ರ ನೀವೇ ಬರ್ರಿ.”

ಹಿಂದಿನವರು ನನ್ನನ್ನು ಮುಂದಕ್ಕೆ ನೂಕಿದರು. ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿದರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ನಾನು ತಲೆ ಎತ್ತಲಿಲ್ಲ.

ಶಾಲು ಈಗಲೂ ನಮ್ಮ ಮನೆಯಲ್ಲೇ ಇದೆ. ಹೊದೆಯಲು ಮನಸ್ಸಾಗುವುದಿಲ್ಲ. ಕೊಟ್ಟುಬಿಡೋಣವೆಂದರೆ, ಕಾಕಿಯ ಮನೆಯಲ್ಲಿ ಯಾರೂ ಉಳಿದಿಲ್ಲ.