ಕುರ್ಚಿಯ ಮೇಲೆ ಪತಂಗದ ಬಾಣಂತನ

ಎಪ್ಪತ್ತು ದಾಟಿದ ಮೇಲೂ ಅತ್ತೆ ಬೆತ್ತದ ಕುರ್ಚಿ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಕೂತು ಬೆತ್ತ ಸೀಳುವ ಸೊಸೆಗೆ ಆ ಬೆರಳುಗಳ ಓಟ ನೋಡಿದಷ್ಟೂ ಸಾಲದು.

ಬೇಸಿಗೆಯ ಕೊನೆಯಲ್ಲೊಮ್ಮೆ ಅತ್ತೆ ಕಾಡಿನಂಚಿನಿಂದ ಮುಳ್ಳುಕೊಂಬೆಯೊಂದನ್ನು ತಂದಳು. ಅದರ ಮೇಲೆ ಬೆರಳುದ್ದದ ಹಸಿರು ಕಂಬಳಿಹುಳು.

“ದಾರೀಲಿ ಬಿದ್ದಿತ್ತು. ಯಾವುದಾದ್ರೂ ಗಾಡಿ ಚಕ್ರಕ್ಕೆ ಸಿಕ್ಕಿಬಿಡ್ತಿತ್ತು,” ಅಂದಳು.

ಅಂದಿನಿಂದ ಹುಳುವಿಗೆ ರಾಜೋಪಚಾರ. ದಿನವೂ ಹೊಸ ಎಲೆ.

“ಅಳಿಯ ಬಂದು ಕೂತ ಹಾಗಾಯ್ತು, ತಿನ್ನೋದೊಂದೇ ಕೆಲಸ,” ಎಂದು ಸೊಸೆ ಗೊಣಗಿದಳು.

ಒಂದು ದಿನ ಹುಳು ತಿನ್ನುವುದು ಬಿಟ್ಟು, ತನ್ನ ಸುತ್ತ ಕಂದು ನೂಲಿನ ಗೂಡು ಕಟ್ಟಿಕೊಂಡಿತು. ಅತ್ತೆ ಕನ್ನಡಕ ಏರಿಸಿ ಗೂಡಿನ ಬಾಯಿ ನೋಡಿದಳು. ಬಿರುಸಾದ ಎಳೆಗಳೆಲ್ಲ ಹೊರಮುಖವಾಗಿ ಒಂದೇ ತುದಿಗೆ ಕೂಡಿದ್ದವು.

“ಒಳಗಿಂದ ತಳ್ಳಿದ್ರೆ ತೆರೆಯುತ್ತೆ, ಹೊರಗಿಂದ ಯಾರೂ ನುಗ್ಗೋಕಾಗಲ್ಲ. ಇಂಥ ಹೆಣಿಗೆ ನನಗೆ ಬರಲ್ಲ ಕಣೇ.”

ಅತ್ತೆ ಇನ್ನೊಬ್ಬರ ಕೈಕೆಲಸ ಹೊಗಳಿದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು.

ಚಳಿಗಾಲವಿಡೀ ಗೂಡು ಅಲುಗಲಿಲ್ಲ. ಸತ್ತಿದೆ, ಎಸೆಯಲಾ ಎಂದು ಸೊಸೆ ಕೇಳಿದರೆ, “ಇರಲಿ ಬಿಡು, ಅದೇನು ಹಾಸಿಗೆ ಕೇಳ್ತಿದೆಯಾ?” ಎಂದಳು ಅತ್ತೆ.

ಚಳಿ ಕಳೆದ ಮೇಲೊಂದು ಬೆಳಗ್ಗೆ, ಬೂದು ಬಣ್ಣದ ಹೆಣ್ಣು ಪತಂಗ ಹೊರಬಂದು, ಹತ್ತಿರದ ಕುರ್ಚಿಯ ಬೆನ್ನೇರಿ, ಒದ್ದೆ ಬಟ್ಟೆಯಂಥ ರೆಕ್ಕೆಗಳನ್ನು ಇಳಿಬಿಟ್ಟಿತು. ಸೊಸೆ ಸಕ್ಕರೆನೀರು ಇಟ್ಟಳು. ಪತಂಗ ಅತ್ತ ಹೊರಳಲಿಲ್ಲ.

ಅತ್ತೆ ಬಗ್ಗಿ ನೋಡಿದಳು. “ಇದಕ್ಕೆ ತಿನ್ನೋ ಬಾಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದೇ ಜೀವಮಾನಕ್ಕೆ.”

ಮಧ್ಯಾಹ್ನ ಕಿಟಕಿಯಿಂದ ಕಿತ್ತಳೆ ರೆಕ್ಕೆಯ ಗಂಡೊಂದು ನುಗ್ಗಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಅಷ್ಟು ದೂರದ ಕಾಡಿನಿಂದ ಹೆಣ್ಣಿನ ವಾಸನೆ ಹಿಡಿದು ಬಂದಿದ್ದವು.

“ಹೇಳಿಕಳಿಸದೆ ಬೀಗರು ಬಂದ್ರು,” ಎಂದು ಅತ್ತೆ ನಕ್ಕಳು.

ಜೊತೆಯಾದ ಹೆಣ್ಣು ಸಂಜೆ ಕುರ್ಚಿಯ ಬೆತ್ತದ ತುಂಬ ಮೊಟ್ಟೆಯಿಟ್ಟು ಹಾರಿಹೋಯಿತು. ಆ ಕುರ್ಚಿ ಊರಿನ ದಂತವೈದ್ಯೆ ಹೆಣೆಯಲು ಕೊಟ್ಟದ್ದು. ಮರುದಿನ ಅವಳು ಬಂದು, “ಮೊಟ್ಟೆ ಒರೆಸಿ ಕೊಡಿ,” ಅಂದಳು.

“ಮರಿಯಾಗಲಿ, ಕೊಡ್ತೀನಿ. ಅಲ್ಲೀವರೆಗೆ ಇದನ್ನ ಒಯ್ಯಿ,” ಎಂದು ಅತ್ತೆ ತಾನು ಕೂರುವ ಕುರ್ಚಿಯನ್ನೇ ಎತ್ತಿ ಕೊಟ್ಟಳು. ವೈದ್ಯೆ ಮುಖ ಗಂಟಿಕ್ಕಿಕೊಂಡೇ ಒಯ್ದಳು.

ಮಂಡಿನೋವಿದ್ದರೂ ಅತ್ತೆ ನೆಲದ ಮೇಲೆ ಕೂತೇ ಹೆಣೆದಳು. ಇರುವೆ ಹತ್ತದಂತೆ ಕುರ್ಚಿಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಳು. ಕಪ್ಪು ಮರಿಗಳು ಹೊರಬಂದ ದಿನ ಇಬ್ಬರೂ ಕುರ್ಚಿಯನ್ನು ಆಚೀಚೆ ಹಿಡಿದು ಕಾಡಿನಂಚಿಗೆ ನಡೆದರು.

“ಏನಮ್ಮ, ಕುರ್ಚಿ ಮೆರವಣಿಗೆ?” ಎಂದ ದಾರಿಹೋಕ.

“ಮಕ್ಕಳನ್ನ ಶಾಲೆಗೆ ಬಿಟ್ಟುಬರ್ತೀವಿ,” ಎಂದಳು ಅತ್ತೆ.

ಆಮೇಲೆ ಸೊಸೆ ಕುರ್ಚಿ ತಲುಪಿಸಲು ಹೋದಾಗ ವೈದ್ಯೆ ಕೇಳಿದ್ದು ಒಂದೇ ಮಾತು: “ಮರಿಗಳು ಬದುಕಿದವಾ?”

“ನಮ್ಮತ್ತೆ ಕೈಯಲ್ಲಿದ್ದವು,” ಎಂದಳು ಸೊಸೆ. “ಬದುಕದೆ ಏನು.”